ಆಕಾಶವಾಣಿಯಲ್ಲಿ ಒಂದು ವಾರದ ಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಅಡುಗೆಮನೆ ಕಿಟಕಿಯಲ್ಲಿ ರೇಡಿಯೊ ದಿನಾ ಹಾಡುತ್ತದೆ. ಮನೆಗೆ ಬಂದ ನೆಂಟರು, ಪಕ್ಕದ ಮನೆಯವರು, ಆಫೀಸಿನ ಗೆಳತಿಯರು ಅದನ್ನು ನೋಡಿ ಏನಾದರೂ ಕೇಳುತ್ತಲೇ ಇರುತ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವವರಿಗಾಗಿ ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಸಂಗೀತ ಕಲಿತವಳಲ್ಲ, ಕೇಳಿ ಕೇಳಿ ಬೆಳೆದವಳು.

ಆಕಾಶವಾಣಿ ಈಗಲೂ ಇದೆಯಾ?

ಇದೆ. ದಿನಾ ಬೆಳಗ್ಗೆ ಶುರುವಾಗಿ ರಾತ್ರಿ ಮುಗಿಯುತ್ತದೆ. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಧಾರವಾಡ, ಭದ್ರಾವತಿ, ಮಂಗಳೂರು, ಕಲಬುರಗಿ, ಮಡಿಕೇರಿ, ಹಾಸನ, ಚಿತ್ರದುರ್ಗ, ಹೊಸಪೇಟೆ, ಕಾರವಾರ, ರಾಯಚೂರು, ವಿಜಯಪುರ, ಹೀಗೆ ಬೇರೆ ಬೇರೆ ಊರುಗಳಲ್ಲಿ ನಿಲಯಗಳಿವೆ. ಪ್ರತಿಯೊಂದಕ್ಕೂ ತನ್ನದೇ ದನಿ ಇದೆ. ಒಂದು ನಿಲಯ ಕೇಳಿ "ಆಕಾಶವಾಣಿ ಅಂದ್ರೆ ಇಷ್ಟೇ" ಅಂತ ತೀರ್ಮಾನ ಮಾಡಬೇಡಿ.

ಯಾವ ನಂಬರಿಗೆ ತಿರುಗಿಸಬೇಕು?

ಬೆಂಗಳೂರಿನಲ್ಲಿದ್ದರೆ ಎಫ್‌ಎಂ 102.9 ವಿವಿಧ ಭಾರತಿ, 101.3 ಕನ್ನಡ ಕಾಮನಬಿಲ್ಲು. ಶಾಸ್ತ್ರೀಯ ಸಂಗೀತ ಕೇಳುವವರಿಗೆ ಅಮೃತವರ್ಷಿಣಿ ವಾಹಿನಿಯ ಕಾಲದಿಂದ ಕಿವಿಗೆ ಒಗ್ಗಿದ ನಂಬರು 100.1. ಮೈಸೂರು ನಿಲಯ 100.6, ಮಂಗಳೂರು 100.3, ಮಡಿಕೇರಿ 103.1. ಮೀಡಿಯಂ ವೇವ್ ಇರುವ ಹಳೇ ಸೆಟ್ಟಾದರೆ ಬೆಂಗಳೂರು 612 ಕಿಲೋಹರ್ಟ್ಸ್, ಭದ್ರಾವತಿ 675, ಧಾರವಾಡ 765.

ರೇಡಿಯೊ ಸೆಟ್ ಇಲ್ಲದಿದ್ದರೆ ಫೋನಿನಲ್ಲಿ ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಹೆಸರು ನೋಡಿ ಬರೀ ವಾರ್ತೆ ಅಂದುಕೊಳ್ಳಬೇಡಿ, ದೇಶದ ನೂರಾರು ನಿಲಯಗಳು ಅದರೊಳಗಿವೆ. ನಮ್ಮ ಕಡೆಯವರಿಗೆ ಅದರಲ್ಲಿ ಸಿಗುವ ದೊಡ್ಡ ನಿಧಿ ಅಂದರೆ ರಾಗಂ ವಾಹಿನಿ. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾಯಿತು. ಹಗಲು ರಾತ್ರಿ ಶಾಸ್ತ್ರೀಯ ಸಂಗೀತವೇ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡೂ ಬರುತ್ತವೆ. ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳೂ ಬರುತ್ತವೆ.

ಒಂದು ವಾರ ಕೇಳಿದರೆ ಏನೇನು ಸಿಗುತ್ತದೆ?

ಮೊದಲು ಒಂದು ದಿನದ ಲೆಕ್ಕ ಹೇಳುತ್ತೇನೆ. ಬೆಳಗ್ಗೆ ನಿಲಯ ತೆರೆಯುವಾಗ ಆ ಹಳೆಯ ಸಂಕೇತ ಧ್ವನಿ. ಆಮೇಲೆ ವಂದೇ ಮಾತರಂ, ಮಂಗಳವಾದ್ಯ. ಅದಾದ ಮೇಲೆ ಭಕ್ತಿಗೀತೆ: ದಾಸರ ಪದ, ವಚನ, ತತ್ವಪದ, ಜೊತೆಗೆ ಬೇರೆ ಧರ್ಮಗಳ ಗೀತೆಗಳೂ. ವಾರ್ತೆ ಮುಗಿದ ಮೇಲೆ ಶಾಸ್ತ್ರೀಯ ಸಂಗೀತಕ್ಕೆ ಒಂದಿಷ್ಟು ಹೊತ್ತು. ಮಧ್ಯಾಹ್ನ ಚಿತ್ರಗೀತೆ, ಸಂಜೆ ಜಾನಪದ, ಕೃಷಿರಂಗದ ನಡುವೆ ಒಂದು ಹಳ್ಳಿ ಹಾಡು. ರಾತ್ರಿ ಭಾವಗೀತೆ, ತಡವಾಗಿ ಮತ್ತೆ ಶಾಸ್ತ್ರೀಯ. ನಿಲಯದಿಂದ ನಿಲಯಕ್ಕೆ ಈ ಜೋಡಣೆ ಬದಲಾಗುತ್ತದೆ.

ವಾರದ ಲೆಕ್ಕ ಬೇರೆ. ಇವತ್ತು ವೀಣೆ ಬಂದರೆ ನಾಳೆ ಸಿತಾರ್. ಒಂದು ಸಂಜೆ ಗೀಗೀ ಪದ, ಮರುದಿನ ಸೋಬಾನೆ. ಒಂದು ದಿನ ವೃಂದಗಾನ, ಇನ್ನೊಂದು ದಿನ ವಾದ್ಯವೃಂದ. ಒಂದೇ ಅಡುಗೆಮನೆಯಲ್ಲಿ ಸೋಮವಾರ ರೊಟ್ಟಿ, ಮಂಗಳವಾರ ಮುದ್ದೆ, ಬುಧವಾರ ನೀರುದೋಸೆ ಮಾಡಿದ ಹಾಗೆ. ನನಗೆ ಇಷ್ಟವಿಲ್ಲದ್ದೂ ಬರುತ್ತದೆ, ನಿಜ. ಆದರೆ ನನ್ನ ಇವತ್ತಿನ ಅರ್ಧ ಇಷ್ಟಗಳು ಹಾಗೆ ಸುಮ್ನೆ ಕಿವಿಗೆ ಬಿದ್ದು ಒಳಗೆ ಬಂದವು. ಸಾರಂಗಿ ಅನ್ನೋ ವಾದ್ಯವನ್ನು ನಾನಾಗಿ ಎಂದೂ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಕಾಳು ಆರಿಸುತ್ತಾ ಕೂತಿದ್ದಾಗ ಅದೇ ನನ್ನನ್ನು ಹುಡುಕಿಕೊಂಡು ಬಂತು.

ಬೇಕಾದ ಹಾಡು ಬೇಕಾದಾಗ ಫೋನಿನಲ್ಲಿ ಸಿಗುತ್ತದಲ್ಲ, ಮತ್ತೆ ರೇಡಿಯೊ ಯಾಕೆ?

ಇದನ್ನು ಅತಿ ಹೆಚ್ಚು ಜನ ಕೇಳುತ್ತಾರೆ. ನಾನೂ ಫೋನಿನಲ್ಲಿ ಹಾಡು ಕೇಳುತ್ತೇನೆ. ಆದರೆ ಹೊತ್ತಿಗೆ ತಕ್ಕ ಸಂಗೀತವನ್ನು ಫೋನು ತಾನಾಗಿ ತಂದು ಕೊಡುವುದಿಲ್ಲ.

ಹಿಂದೂಸ್ತಾನಿಯಲ್ಲಿ ರಾಗಕ್ಕೊಂದು ವೇಳೆ ಇದೆ. ಬೆಳಗ್ಗೆ ಭೈರವ್, ಸ್ವಲ್ಪ ಹೊತ್ತೇರಿದ ಮೇಲೆ ತೋಡಿ. ನಡು ಮಧ್ಯಾಹ್ನ ವೃಂದಾವನಿ ಸಾರಂಗ, ಆಮೇಲೆ ಭೀಮಪಲಾಸಿ. ಸೂರ್ಯ ಮುಳುಗುವಾಗ ಮಾರ್ವಾ, ದೀಪ ಹಚ್ಚಿದ ಮೇಲೆ ಯಮನ್. ರಾತ್ರಿ ಬಾಗೇಶ್ರೀ, ಇನ್ನೂ ತಡವಾದರೆ ದರ್ಬಾರಿ, ಮಾಲಕಂಸ. ಈಗ ಯೋಚಿಸಿ, ನಮ್ಮೂರುಗಳಲ್ಲಿ ಕಛೇರಿ ನಡೆಯುವುದು ಯಾವಾಗ? ಜಾಸ್ತಿ ಸಂಜೆ ಆರರ ಮೇಲೆ. ಹಾಗಾಗಿ ಸಭಾಂಗಣಕ್ಕೆ ಮಾತ್ರ ಹೋಗುವವರಿಗೆ ಯಮನ್ ನೂರು ಸಲ ಸಿಗುತ್ತದೆ, ತೋಡಿ ಅಪರೂಪಕ್ಕೆ. ನಡು ಮಧ್ಯಾಹ್ನದ ಸಾರಂಗವಂತೂ ಸಿಗುವುದೇ ಕಷ್ಟ. ರೇಡಿಯೊಗೆ ಬೆಳಗೂ ಬೇಕು, ಮಧ್ಯಾಹ್ನವೂ ಬೇಕು. ಬೆಳಗಿನ ರಾಗ ಬೆಳಗ್ಗೆಯೇ ಹಾಡಲು ಜಾಗ ಉಳಿದಿರುವುದು ಅಲ್ಲಿ.

ಒಮ್ಮೆ ಪರೀಕ್ಷೆ ಮಾಡಿ ನೋಡಿ. ಬೆಳಗ್ಗೆ ಹಾಲು ಕಾಯಿಸುವಾಗ ಒಂದು ಭೈರವ್ ಕೇಳಿ. ಅದೇ ರಾಗವನ್ನು ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಹಾಕಿಕೊಳ್ಳಿ. ಹಾಡಿದವರು ಅವರೇ, ಸ್ವರಗಳೂ ಅವೇ. ಆದರೂ ಕಿವಿ ಬೇರೆ ಥರ ಕೇಳಿಸಿಕೊಳ್ಳುತ್ತದೆ.

ಶನಿವಾರ ರಾತ್ರಿ ವಿಶೇಷ ಏನು? ಹಳಬರೆಲ್ಲ ಅದನ್ನೇ ಹೇಳುತ್ತಾರಲ್ಲ?

ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. 1952ರ ಜುಲೈ 20ರಂದು ಶುರುವಾಯಿತು. ಶನಿವಾರ ರಾತ್ರಿ ದೇಶದ ನಿಲಯಗಳೆಲ್ಲ ಒಂದೇ ಕಛೇರಿಯನ್ನು ಪ್ರಸಾರ ಮಾಡುತ್ತಿದ್ದವು. ಒಬ್ಬ ದೊಡ್ಡ ಕಲಾವಿದರು, ಅರ್ಧ ಗಂಟೆಯ ಗಡಿಬಿಡಿ ಇಲ್ಲ, ನಿಧಾನವಾಗಿ ರಾಗ ಬಿಡಿಸಲು ಬೇಕಾದಷ್ಟು ಹೊತ್ತು.

ಇದರ ಮಹತ್ವ ಇವತ್ತು ತಿಳಿಯುವುದು ಕಷ್ಟ. ಆಗ ಮದ್ರಾಸಿನ ವಿದ್ವಾಂಸರ ಹಾಡು ಬನಾರಸ್ಸಿನ ಮನೆಯಲ್ಲಿ ಕೇಳಿಸುವುದಕ್ಕೆ ಬೇರೆ ದಾರಿಯೇ ಇರಲಿಲ್ಲ. ಒಂದು ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಮೂರು ಚಿಲ್ಲರೆ ನಿಮಿಷ ಹಾಡು ಅಷ್ಟೇ. ಪೂರ್ತಿ ಕಛೇರಿ ಕೇಳಬೇಕೆಂದರೆ ರೈಲು ಹತ್ತಬೇಕಿತ್ತು. ಶನಿವಾರದ ಕಾರ್ಯಕ್ರಮ ಬಂದ ಮೇಲೆ ರೇಡಿಯೊ ಇರುವ ಮನೆಯ ಪಡಸಾಲೆಯೇ ಸಭಾಂಗಣವಾಯಿತು. ರೇಡಿಯೊ ಇಲ್ಲದವರು ಅಲ್ಲಿಗೆ ಬಂದು ಕೂರುತ್ತಿದ್ದರು. ನಮ್ಮಜ್ಜಿ ಶನಿವಾರ ರಾತ್ರಿ ಊಟ ಬೇಗ ಬಡಿಸುತ್ತಿದ್ದರು, ಪಾತ್ರೆ ಸದ್ದು ಆಗಬಾರದು ಅಂತ.

1954ರಿಂದ ಆಕಾಶವಾಣಿ ಸಂಗೀತ ಸಮ್ಮೇಳನವೂ ನಡೆಯುತ್ತಾ ಬಂದಿದೆ. ಅದು ವರ್ಷಕ್ಕೊಮ್ಮೆ. ಬೇರೆ ಬೇರೆ ಊರುಗಳಲ್ಲಿ ಕೇಳುಗರನ್ನು ಕರೆದು ಎದುರು ಕೂರಿಸಿಕೊಂಡು ಕಛೇರಿ ನಡೆಸುತ್ತಾರೆ, ಆಮೇಲೆ ಪ್ರಸಾರ ಮಾಡುತ್ತಾರೆ. ನಿಮ್ಮೂರಿನಲ್ಲಿ ನಡೆದರೆ ತಪ್ಪದೆ ಹೋಗಿ.

ಧಾರವಾಡದಲ್ಲಿ ಜಾಸ್ತಿ ಹಿಂದೂಸ್ತಾನಿ, ಮೈಸೂರು ಬೆಂಗಳೂರಲ್ಲಿ ಜಾಸ್ತಿ ಕರ್ನಾಟಕ ಸಂಗೀತ. ಯಾಕೆ ಹೀಗೆ?

ನೆಲವೇ ಹಾಗಿದೆ, ರೇಡಿಯೊ ಅದನ್ನು ಅನುಸರಿಸಿತು. ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರು ಆಸ್ಥಾನಕ್ಕೆ ಹೋಗಿ ಬರುವಾಗ ಧಾರವಾಡ ಸೀಮೆಯಲ್ಲಿ ಉಳಿಯುತ್ತಿದ್ದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಬಳಿ ಕಲಿತವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅತ್ತ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಹಾಡು ಕಲಿಸಿದರು. ಬಸವರಾಜ ರಾಜಗುರುಗಳು ಅಲ್ಲಿಂದ ಬಂದವರು. ಇಷ್ಟೆಲ್ಲ ಆದ ಮೇಲೆ 1950ರ ಜನವರಿಯಲ್ಲಿ ಧಾರವಾಡ ನಿಲಯ ಶುರುವಾಯಿತು. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾದರು, ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾದರು. ಆ ಇಬ್ಬರೂ ಒಂದೇ ಕಟ್ಟಡಕ್ಕೆ ಹೋಗಿ ಬರುತ್ತಿದ್ದರು ಅಂತ ನೆನೆದರೇ ನನಗೆ ಮೈ ಜುಮ್ಮೆನ್ನುತ್ತದೆ.

ಮನ್ಸೂರರ ವಚನಗಾಯನ ಕೇಳಿದ್ದೀರಾ? ಕೇಳಿಲ್ಲದಿದ್ದರೆ ಈ ವಾರವೇ ಹುಡುಕಿ ಕೇಳಿ. ಬಸವಣ್ಣನವರ, ಅಕ್ಕನ ಮಾತು ಜೈಪುರ ಅತ್ರೌಲಿ ಘರಾಣೆಯ, ಅಂದರೆ ಆ ಹಿಂದೂಸ್ತಾನಿ ಪರಂಪರೆಯ ಕಂಠದಲ್ಲಿ ಬರುತ್ತದೆ. ಎಲ್ಲೂ ಆಡಂಬರ ಇಲ್ಲ. ರಾಯಚೂರು ಕಡೆಯ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವೂ ಅಷ್ಟೇ ಎತ್ತರದ್ದು.

ಮೈಸೂರಿನ ಕಥೆ ಅರಮನೆಯದು, ವೀಣೆಯದು. ಅಲ್ಲಿನ ಬಾನಿಯ, ಅಂದರೆ ನುಡಿಸುವ ಶೈಲಿಯ, ವೀಣೆ ದೊರೆಸ್ವಾಮಿ ಅಯ್ಯಂಗಾರರು ಬೆಂಗಳೂರು ಆಕಾಶವಾಣಿಯಲ್ಲಿ ಬಹಳ ವರ್ಷ ಕೆಲಸ ಮಾಡಿದರು. ಮೈಸೂರು ಬಾನಿಯ ವೀಣೆಯಲ್ಲಿ ಪ್ರತಿ ಮೀಟೂ ಬಿಡಿಬಿಡಿಯಾಗಿ, ತೊಳೆದ ಹಾಗೆ ಕೇಳಿಸುತ್ತದೆ. ಇದನ್ನು ಗುರುತಿಸಲು ಶಾಸ್ತ್ರ ಗೊತ್ತಿರಬೇಕಿಲ್ಲ.

ಬೆಳಗಿನ ಆ ಟ್ಯೂನ್ ಯಾರದು?

ವಾಲ್ಟರ್ ಕೌಫ್‌ಮನ್ ಎಂಬುವರದು. ಇಂದಿನ ಚೆಕ್ ದೇಶದಲ್ಲಿ ಹುಟ್ಟಿದ ಯಹೂದಿ ಸಂಗೀತಗಾರರು. ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಮುಂಬಯಿಗೆ ಬಂದರು, ಅಲ್ಲಿನ ರೇಡಿಯೊದಲ್ಲಿ ಸಂಗೀತ ವಿಭಾಗ ನೋಡಿಕೊಂಡರು. ಹಿಂದೆ ತಂಬೂರಿ, ಮೇಲೆ ಪಿಟೀಲು. ರಾಗ ಶಿವರಂಜನಿ. ಊರು ಕಳೆದುಕೊಂಡು ಬಂದವರೊಬ್ಬರು ಕಟ್ಟಿದ ಸ್ವರದಿಂದ ನಮ್ಮ ಮೂರು ತಲೆಮಾರಿನ ಬೆಳಗು ಶುರುವಾಗಿದೆ.

"ಆಕಾಶವಾಣಿ" ಅನ್ನೋ ಹೆಸರು ಮೈಸೂರಿನದಂತೆ, ನಿಜವಾ?

ನಿಜ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ಒಂದು ಪುಟ್ಟ ನಿಲಯ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದು ಹೇಳುತ್ತಾರೆ. ಮುಂದೆ ನಿಲಯ ಮೈಸೂರು ಸಂಸ್ಥಾನದ ಕೈಗೆ ಹೋಯಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೊ ಜೊತೆ ಸೇರಿತು. 1957ರ ಹೊತ್ತಿಗೆ ಆ ಹೆಸರು ಇಡೀ ದೇಶದ ರೇಡಿಯೊಗೆ ಬಂತು. 2023ರಿಂದ ಇಂಗ್ಲಿಷಿನಲ್ಲೂ ಆಕಾಶವಾಣಿ ಅಂತಲೇ ಹೇಳುತ್ತಾರೆ.

ರೇಡಿಯೊದಲ್ಲಿ ಹಾರ್ಮೋನಿಯಂ ನಿಷೇಧ ಆಗಿತ್ತಂತೆ?

ಹೌದು. 1940ರಿಂದ 1971ರವರೆಗೆ. ಕಾರಣ ಕೇಳಿದರೆ ತಲೆದೂಗಬೇಕು ಅನ್ನಿಸುತ್ತದೆ, ಆದರೆ ಪೂರ್ತಿ ಒಪ್ಪಲು ಮನಸ್ಸು ಬರುವುದಿಲ್ಲ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರಬೇಕು. ಜಾರುವುದಕ್ಕೆ ಆಗುವುದಿಲ್ಲ. ನಮ್ಮ ಸಂಗೀತದ ಜೀವ ಇರುವುದು ಆ ಜಾರುವಿಕೆಯಲ್ಲಿ, ಹಿಂದೂಸ್ತಾನಿಯವರು ಮೀಂಡ್ ಅನ್ನುತ್ತಾರಲ್ಲ, ಅದರಲ್ಲಿ, ನಮ್ಮ ಗಮಕದಲ್ಲಿ. ಜೊತೆಗೆ ಅದರ ಸ್ವರಗಳು ಒಂದೇ ಅಳತೆಗೆ ಕೂತುಬಿಟ್ಟಿವೆ. ರಾಗಕ್ಕೆ ತಕ್ಕಂತೆ ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡುವ ಹಾಗಿಲ್ಲ.

ಇದೆಲ್ಲ ಸರಿಯೇ. ಆದರೆ ಹುಬ್ಬಳ್ಳಿ ಧಾರವಾಡದ ಕಡೆ ಹಾರ್ಮೋನಿಯಂ ಇಲ್ಲದೆ ಭಜನೆ ಇಲ್ಲ, ನಾಟಕ ಇಲ್ಲ, ಖಯಾಲ್ ಕಛೇರಿಯೂ ಇಲ್ಲ. ಊರಿನ ವೇದಿಕೆಯಲ್ಲಿ ಪಕ್ಕದಲ್ಲೇ ಕೂತು ನುಡಿಸಿದವರು ರೇಡಿಯೊ ಬಾಗಿಲಲ್ಲಿ ನಿಲ್ಲಬೇಕಾಯಿತು. ಅದು ನನಗೆ ಅನ್ಯಾಯವೆಂದೇ ಅನ್ನಿಸುತ್ತದೆ. ಆದರೆ ಅದರಿಂದ ಒಂದು ಒಳ್ಳೆಯದೂ ಆಯಿತು. ಹಾಡಿಗೆ ಜೊತೆ ಬೇಕಿತ್ತು, ಹಾಗಾಗಿ ಸಾರಂಗಿ ನುಡಿಸುವವರಿಗೆ ನಿಲಯಗಳಲ್ಲಿ ಕೆಲಸ ಸಿಕ್ಕಿತು. ಕೈಬಿಟ್ಟು ಹೋಗುತ್ತಿದ್ದ ವಾದ್ಯಕ್ಕೆ ತಿಂಗಳ ಸಂಬಳ ಸಿಕ್ಕಿದ್ದು ರೇಡಿಯೊದಿಂದ.

ಸಿನಿಮಾ ಹಾಡನ್ನೂ ನಿಲ್ಲಿಸಿದ್ದರಂತೆ?

1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಪ್ರೀತಿ, ಚಿತ್ರಗೀತೆ ಕಂಡರೆ ಆಗದು. ಹೊತ್ತು ಕಡಿಮೆ ಮಾಡಿದರು, ಆಮೇಲೆ ಆಕಾಶವಾಣಿಯಿಂದ ಚಿತ್ರಗೀತೆ ಹೆಚ್ಚುಕಡಿಮೆ ಮಾಯವೇ ಆಯಿತು. ಕೇಳುಗರು ಸುಮ್ಮನಿರಲಿಲ್ಲ, ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೊ ಸಿಲೋನ್‌ಗೆ ಹೋದರು. ಅಲ್ಲಿ ಅಮೀನ್ ಸಯಾನಿ ಚಿತ್ರಗೀತೆಗಳ ಬಿನಾಕಾ ಗೀತಮಾಲಾ ಕಾರ್ಯಕ್ರಮ ಶುರು ಮಾಡಿದ್ದು ಅದೇ ವರ್ಷದ ಕೊನೆಗೆ. ಬುಧವಾರ ರಾತ್ರಿ ಇಡೀ ದೇಶ ಕೊಲಂಬೊ ಕಡೆ ಕಿವಿ ಇಟ್ಟಿತು.

ಐದು ವರ್ಷ ಆದ ಮೇಲೆ, 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಬಂತು. ಹಳೆಯ ಚಿತ್ರಗೀತೆಗೆ ಭೂಲೇ ಬಿಸ್ರೇ ಗೀತ್, ಯೋಧರಿಗೆ ಜಯಮಾಲಾ, ರಾತ್ರಿ ಛಾಯಾಗೀತ್. ಅದರ ಸಂಗೀತ ಸರಿತಾ ನನಗೆ ಎಲ್ಲಕ್ಕಿಂತ ಹತ್ತಿರ. ಒಂದು ರಾಗ ತೆಗೆದುಕೊಂಡು, ಅದರ ಸ್ವರ ಹಾಡಿ ತೋರಿಸಿ, ಅದೇ ರಾಗದ ಒಂದು ಚಿತ್ರಗೀತೆ ಕೇಳಿಸುತ್ತಾರೆ. ಎಷ್ಟೋ ವರ್ಷದಿಂದ ಗುನುಗುತ್ತಿದ್ದ ಹಾಡಿನ ಒಳಗೆ ಒಂದು ರಾಗ ಕೂತಿತ್ತು ಅಂತ ಗೊತ್ತಾದಾಗ ಆಗುವ ಖುಷಿ ಇದೆಯಲ್ಲ, ಅದಕ್ಕೆ ಸಾಟಿ ಇಲ್ಲ.

ಕೇಸ್ಕರ್ ಅವರನ್ನು ಬೈಯುವವರು ಬಹಳ. ಶನಿವಾರದ ಕಛೇರಿ, ಸಂಗೀತ ಸಮ್ಮೇಳನ, ವಾದ್ಯವೃಂದ ಎಲ್ಲವೂ ಶುರುವಾದದ್ದು ಅವರ ಕಾಲದಲ್ಲೇ ಅನ್ನುವುದನ್ನೂ ಮರೆಯಬಾರದು.

ಸುಗಮ ಸಂಗೀತ, ಭಾವಗೀತೆ, ಎರಡೂ ಒಂದೇನಾ?

ಹೆಚ್ಚುಕಡಿಮೆ. ಕವಿ ಬರೆದ ಕವಿತೆ ಭಾವಗೀತೆ. ಅದಕ್ಕೆ ರಾಗ ಹಾಕಿ, ಮಾತು ಮರೆಯಾಗದಂತೆ ಹಾಡುವ ರೀತಿ ಸುಗಮ ಸಂಗೀತ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಎಚ್.ಆರ್. ಲೀಲಾವತಿ, ಸಿ. ಅಶ್ವಥ್, ಇವರೆಲ್ಲರ ದನಿ ಮನೆಮನೆಗೆ ಬಂದಿದ್ದರಲ್ಲಿ ರೇಡಿಯೊದ ಪಾಲು ದೊಡ್ಡದು. ಕ್ಯಾಸೆಟ್ ಬರುವುದಕ್ಕೆ ಮುಂಚೆ ಕುವೆಂಪು, ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ ಅವರ ಸಾಲುಗಳನ್ನು ಓದು ಬಾರದವರೂ ಬಾಯಲ್ಲಿ ಇಟ್ಟುಕೊಂಡಿದ್ದು ಹೀಗೆ. ನಮ್ಮಜ್ಜಿ ಪುಸ್ತಕ ಓದಿದವರಲ್ಲ. ಬೇಂದ್ರೆಯವರ ನಾಲ್ಕಾರು ಕವಿತೆ ಅವರಿಗೆ ಪೂರ್ತಿ ಬರುತ್ತಿತ್ತು.

ಜಾನಪದ ಅಂದರೆ ಸಿನಿಮಾದಲ್ಲಿ ಬರುತ್ತಲ್ಲ, ಅಂಥದ್ದಾ?

ಅಲ್ಲ. ಇಲ್ಲಿ ಹಾಡುವವರು ಹಳ್ಳಿಯಿಂದಲೇ ಬಂದವರು. ಗೀಗೀ ಮೇಳ, ಲಾವಣಿ, ಬೀಸುವ ಪದ, ಸೋಬಾನೆ, ಕೋಲಾಟದ ಪದ, ಡೊಳ್ಳಿನ ಹಾಡು, ಸಣ್ಣಾಟದ ತುಣುಕು. ಹಿಂದೆ ಡೊಳ್ಳು, ತುಂತುಣಿ, ದಮ್ಮಡಿಯಂಥ ಹಳ್ಳಿ ವಾದ್ಯ ಬಿಟ್ಟರೆ ಬೇರೆ ವಾದ್ಯದ ಗದ್ದಲ ಇಲ್ಲ. ದನಿ ಒರಟಾಗಿರಬಹುದು, ಅದೇ ಅದರ ಚೆಂದ. ಬೀಸುವ ಪದ ಕೇಳುವಾಗ ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೆ ಗಮನಿಸಿ. ಕಲ್ಲು ಒಂದು ಸುತ್ತು ತಿರುಗುವಷ್ಟು ಹೊತ್ತಿಗೆ ಒಂದು ಸಾಲು. ಹಾಡಿನ ಅಳತೆಯನ್ನು ಕೈಕೆಲಸವೇ ಇಟ್ಟಿದೆ.

ಮಂಗಳೂರು ನಿಲಯದಲ್ಲಿ ತುಳು, ಕೊಂಕಣಿ ಹಾಡುಗಳು ಬರುತ್ತವೆ. ಮಡಿಕೇರಿಯಲ್ಲಿ ಕೊಡವ ಹಾಡುಗಳು. ಭಾಷೆ ಗೊತ್ತಿಲ್ಲದಿದ್ದರೂ ಕೇಳಿ. ಒಂದೇ ರಾಜ್ಯದವರು ನಾವು, ಪಕ್ಕದ ಜಿಲ್ಲೆಯ ತೊಟ್ಟಿಲ ಹಾಡೇ ನಮಗೆ ಗೊತ್ತಿರುವುದಿಲ್ಲ.

ತಾಳಮದ್ದಳೆಯನ್ನು ಸಂಗೀತಕ್ಕೆ ಸೇರಿಸುತ್ತೀರಾ?

ಖಂಡಿತ. ಅದು ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಹಾಡು, ಚೆಂಡೆ, ಮದ್ದಳೆ, ಜಾಗಟೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತು. ರೇಡಿಯೊಗೆಂದೇ ಹುಟ್ಟಿದ ಹಾಗಿದೆ. ಕಣ್ಣಿಗೆ ಕೆಲಸವೇ ಇಲ್ಲವಾದ್ದರಿಂದ ಏನೂ ಕಳೆದುಹೋಗುವುದಿಲ್ಲ.

ನನಗೆ ಶಾಸ್ತ್ರೀಯ ಸಂಗೀತ ಏನೂ ಅರ್ಥವಾಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಅರ್ಥ ಮಾಡಿಕೊಳ್ಳಲು ಹೋಗಬೇಡಿ, ಪರಿಚಯ ಮಾಡಿಕೊಳ್ಳಿ. ಒಂದು ವಾರ, ಒಂದೇ ಹೊತ್ತು, ಒಂದೇ ನಿಲಯ. ದಿನಕ್ಕೆ ಅರ್ಧ ಗಂಟೆ ಸಾಕು. ಕೈಯಲ್ಲಿ ಬೇರೆ ಕೆಲಸ ಇದ್ದರೆ ಒಳ್ಳೆಯದು: ಸೊಪ್ಪು ಸೋಸುವುದು, ಬಟ್ಟೆ ಮಡಿಸುವುದು. ಫೋನು ಮಾತ್ರ ದೂರ ಇಡಿ.

ಉದ್ಘೋಷಕರು ಮೊದಲಲ್ಲೇ ರಾಗ, ತಾಳ, ರಚನೆಕಾರರ ಹೆಸರು ಹೇಳುತ್ತಾರೆ. ಜೊತೆಗೆ ಪಿಟೀಲು ಯಾರು, ಮೃದಂಗ ಯಾರು ಅಂತಲೂ ಹೇಳುತ್ತಾರೆ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ರಾಗದ ಹೆಸರು ಬರೆದಿಡಿ. ನಾನು ಶುರು ಮಾಡಿದ್ದು ಹಾಗೆಯೇ. ಕೆಲವೇ ತಿಂಗಳಲ್ಲಿ ಮೋಹನ, ಹಿಂದೋಳ, ಕಲ್ಯಾಣಿ ಉದ್ಘೋಷಣೆಗೆ ಮುಂಚೆಯೇ ಗೊತ್ತಾಗತೊಡಗಿದವು. ತಪ್ಪೂ ಆಗುತ್ತಿತ್ತು. ಮೋಹನ ಅಂದುಕೊಂಡದ್ದು ಬಿಲಹರಿ ಆಗಿರುತ್ತಿತ್ತು. ಹತ್ತುವಾಗ ಎರಡೂ ಒಂದೇ ಮೆಟ್ಟಿಲು, ಇಳಿಯುವಾಗ ಬಿಲಹರಿಗೆ ಇನ್ನೂ ಎರಡು ಸ್ವರ ಸೇರುತ್ತವೆ. ಆ ತಪ್ಪಿನಿಂದಲೇ ಬಿಲಹರಿ ನನಗೆ ಖಾಯಂ ಆಯಿತು.

ರೇಡಿಯೊ ಕಛೇರಿಯ ಇನ್ನೊಂದು ಅನುಕೂಲ ಅದರ ಅಳತೆ. ಅರ್ಧ ಗಂಟೆ ಅಂದರೆ ಅರ್ಧ ಗಂಟೆಯೇ. ಸ್ಟುಡಿಯೊದಲ್ಲಿ ಕೆಂಪು ದೀಪ ಹತ್ತುತ್ತದೆ, ಗೋಡೆಯ ಮೇಲೆ ಗಡಿಯಾರ ಇರುತ್ತದೆ, ಎದುರು ಚಪ್ಪಾಳೆ ಹೊಡೆಯುವವರು ಯಾರೂ ಇಲ್ಲ. ಒಂದು ಚಿಕ್ಕ ಕೃತಿ, ಒಂದು ದೊಡ್ಡ ಕೃತಿ, ಅದಕ್ಕೆ ಆಲಾಪನೆ, ಒಂದಿಷ್ಟು ಸ್ವರ, ಕೊನೆಗೆ ಜಾಗ ಉಳಿದರೆ ಒಂದು ದೇವರನಾಮ. ಬೇಡದ್ದನ್ನೆಲ್ಲ ಬಿಟ್ಟು ಹಾಡುವುದನ್ನು ಎಷ್ಟೋ ಕಲಾವಿದರು ಹೀಗೆ ಕಲಿತರು. ಹೊಸ ಕಿವಿಗೆ ಮೂರು ಗಂಟೆಯ ಕಛೇರಿಗಿಂತ ಇದು ಸುಲಭ.

ನನ್ನ ಮಗಳು ಹಾಡುತ್ತಾಳೆ. ಆಕಾಶವಾಣಿಯಲ್ಲಿ ಹಾಡಲು ಏನು ಮಾಡಬೇಕು?

ಹತ್ತಿರದ ನಿಲಯದಲ್ಲಿ ಆಡಿಷನ್‌ಗೆ ಅರ್ಜಿ ಹಾಕಬೇಕು. ಬರುವ ರಾಗಗಳ ಪಟ್ಟಿ ಕೊಡಬೇಕಾಗುತ್ತದೆ. ಮುಖ ನೋಡದೆ, ದನಿ ಮಾತ್ರ ಕೇಳಿ ತೀರ್ಮಾನಿಸುವ ಪದ್ಧತಿ ಇಲ್ಲಿನದು. ಪಾಸಾದರೆ ಬಿ, ಬಿ ಹೈ, ಆಮೇಲೆ ಎ, ಎಲ್ಲಕ್ಕಿಂತ ಮೇಲೆ ಟಾಪ್ ಗ್ರೇಡ್. ಇವತ್ತಿಗೂ ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ "ಆಕಾಶವಾಣಿ ಎ ಗ್ರೇಡ್ ಕಲಾವಿದರು" ಅಂತ ಹಾಕುವುದು ಅದಕ್ಕೇ. ಮಗಳು ಚಿಕ್ಕವಳಾಗಿದ್ದರೆ ಯುವವಾಣಿ, ಆಕಾಶವಾಣಿಯ ಸಂಗೀತ ಸ್ಪರ್ಧೆ ಇವುಗಳ ಪ್ರಕಟಣೆ ಗಮನಿಸುತ್ತಿರಿ. ಒಂದು ಸಲ ಫೇಲಾದರೆ ಅಳಬೇಕಿಲ್ಲ. ಮತ್ತೆ ಹೋಗಬಹುದು. ಹಾಗೆ ಹೋಗಿ ದೊಡ್ಡವರಾದವರು ಬಹಳ ಮಂದಿ.

ನಮ್ಮ ರೇಡಿಯೊ ಬರೀ ಗರಗರ ಅನ್ನುತ್ತದೆ. ಏನು ಮಾಡಲಿ?

ಮೀಡಿಯಂ ವೇವ್ ಆದರೆ ಸೆಟ್ಟನ್ನೇ ನಿಧಾನವಾಗಿ ತಿರುಗಿಸಿ. ಅದರ ಏರಿಯಲ್ ಒಳಗೇ ಇರುವ ಕಪ್ಪು ಫೆರೈಟ್ ಕಡ್ಡಿ, ದಿಕ್ಕಿಗೆ ತಕ್ಕಂತೆ ಹಿಡಿಯುತ್ತದೆ. ಮೇಲಿನ ಉದ್ದ ಕಡ್ಡಿ ಎಳೆದರೆ ಪ್ರಯೋಜನವಿಲ್ಲ, ಅದು ಎಫ್‌ಎಂಗೆ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಮಿಕ್ಸಿ, ಇವೆಲ್ಲ ಗದ್ದಲ ತುಂಬುತ್ತವೆ. ಸೆಟ್ಟನ್ನು ಅವುಗಳಿಂದ ದೂರ, ಕಿಟಕಿ ಹತ್ತಿರ ಇಡಿ. ರಾತ್ರಿ ಹೊತ್ತು ದೂರದ ನಿಲಯಗಳು ನಡುವೆ ನುಗ್ಗಿದರೆ ಸೆಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕತ್ತಲಾದ ಮೇಲೆ ಮೀಡಿಯಂ ವೇವ್ ಮೇಲಿನ ಅಯಾನುಗೋಳಕ್ಕೆ ಬಡಿದು ಬಹಳ ದೂರ ಹೋಗುತ್ತದೆ.

ಫೋನಿನಲ್ಲಿ ಎಫ್‌ಎಂ ಇದ್ದರೆ ವೈರಿನ ಇಯರ್‌ಫೋನ್ ಚುಚ್ಚಿ, ಆ ವೈರೇ ಏರಿಯಲ್.

ತಂಬೂರಿ ಚೆನ್ನಾಗಿ ಕೇಳಬೇಕೆಂದರೆ ಎಫ್‌ಎಂ ಒಳ್ಳೆಯದು. ಮೀಡಿಯಂ ವೇವ್‌ನಲ್ಲಿ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ನಾದ ಬಹುಪಾಲು ಕತ್ತರಿಸಿ ಹೋಗುತ್ತದೆ, ಎಫ್‌ಎಂನಲ್ಲಿ 15ರವರೆಗೆ ಬರುತ್ತದೆ. ತಂಬೂರಿಯ ಜೀವಾಳ, ಆ ಝೇಂಕಾರ, ಇರುವುದು ಆ ಮೇಲಿನ ನಾದದಲ್ಲಿ.

ನಾವು ಹೊರದೇಶದಲ್ಲಿದ್ದೇವೆ. ವೇಳೆ ಹೊಂದುತ್ತಾ?

ಆ್ಯಪಿನಲ್ಲಿ ಕೇಳಬಹುದು. ಇಲ್ಲಿ ಬೆಳಗ್ಗೆ ಆರು ಅಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಊಟದ ಹೊತ್ತಿಗೆ ಊರಿನ ಬೆಳಗು ಕೇಳಿಸುತ್ತದೆ. ಅಲ್ಲಿರುವ ನನ್ನ ತಂಗಿ ಅದನ್ನೇ ಇಷ್ಟಪಟ್ಟು ಕೇಳುತ್ತಾಳೆ. ರಾಗದ ವೇಳೆ ತಪ್ಪುತ್ತದೆ ಅಂದರೆ "ಅಕ್ಕಾ, ಅಮ್ಮ ಎದ್ದಳು ಅಂತ ಗೊತ್ತಾಗುತ್ತೆ, ಅದು ಸಾಕು" ಅನ್ನುತ್ತಾಳೆ. ದುಬೈಯವರಿಗೆ ಒಂದೂವರೆ ಗಂಟೆ, ಸಿಂಗಪುರದವರಿಗೆ ಎರಡೂವರೆ ಗಂಟೆ ವ್ಯತ್ಯಾಸ ಅಷ್ಟೇ. ತೊಂದರೆಯಿಲ್ಲ.

ವರ್ಷದಲ್ಲಿ ಒಂದು ದಿನ ಮಾತ್ರ ಕೇಳುವುದಾದರೆ ಯಾವುದು?

ಪುಷ್ಯ ಬಹುಳ ಪಂಚಮಿಯ ಬೆಳಗ್ಗೆ. ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಕಾವೇರಿ ದಡದ ತಿರುವಯ್ಯಾರಿನಲ್ಲಿ ತ್ಯಾಗರಾಜರ ಆರಾಧನೆ, ಆಕಾಶವಾಣಿ ನೇರಪ್ರಸಾರ ಮಾಡುತ್ತದೆ. ದೊಡ್ಡ ವಿದ್ವಾಂಸರು, ಕಲಿಯುತ್ತಿರುವ ಮಕ್ಕಳು ಎಲ್ಲರೂ ನೆಲದ ಮೇಲೆ ಕೂತು ಪಂಚರತ್ನ ಕೃತಿಗಳನ್ನು ಒಟ್ಟಿಗೆ ಹಾಡುತ್ತಾರೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಅದೇ ಕ್ರಮದಲ್ಲಿ. ನೂರಾರು ದನಿ, ಹತ್ತಾರು ಪಿಟೀಲು, ಮೃದಂಗ. ಶ್ರುತಿ ಒಂಚೂರು ಆಚೆ ಈಚೆ ಹೋಗುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸಾಹಿತ್ಯ ಮುಂದೆ ಇಟ್ಟುಕೊಂಡು ನೀವೂ ದನಿ ಸೇರಿಸಿ. ನಮ್ಮ ಮನೆಯಲ್ಲಿ ಆವತ್ತು ತಿಂಡಿ ಹತ್ತು ಗಂಟೆಯ ಮೇಲೆಯೇ.

ನವರಾತ್ರಿಯಲ್ಲಿ ಮೈಸೂರು ನಿಲಯವನ್ನೂ ಬಿಡಬೇಡಿ. ಜಂಬೂಸವಾರಿಯ ವೀಕ್ಷಕ ವಿವರಣೆಯ ನಡುವೆ ಕೇಳಿಸುವ ಬ್ಯಾಂಡು, ನಾದಸ್ವರ, ಡೊಳ್ಳು, ಎಲ್ಲವೂ ಹತ್ತಿರ ಬಂದು ದೂರ ಹೋಗುತ್ತವೆ. ಮೆರವಣಿಗೆ ನಮ್ಮ ಬೀದಿಯಲ್ಲೇ ಹಾದುಹೋದ ಹಾಗೆ.

ಯಾವ ದಿನ ಯಾವ ಕಾರ್ಯಕ್ರಮ ಅಂತ ತಿಳಿಯುವುದು ಹೇಗೆ?

ನಿಲಯವೇ ಹೇಳುತ್ತದೆ. ಬೆಳಗ್ಗೆ "ಇಂದಿನ ಕಾರ್ಯಕ್ರಮಗಳು" ಅಂತ ಓದುವಾಗ ಪೆನ್ನು ಹಿಡಿದು ಕೂತಿರಿ. ಬೇಕಾದ ಎರಡಕ್ಕೆ ಗುರುತು ಹಾಕಿ. ಒಂದು ನಿಮಗೆ ಇಷ್ಟವಾದದ್ದು, ಇನ್ನೊಂದು ನೀವು ಹೆಸರೇ ಕೇಳಿಲ್ಲದ್ದು. ಹೆಸರೇ ಕೇಳಿಲ್ಲದ್ದನ್ನು ಮೊದಲು ಕೇಳಿ.